ಏಳು ದಿನದ ಕಡ

ಡಾಕರಿನಿಂದ ಬಸ್ಸಿನಲ್ಲಿ ಬಂದಿಳಿದವು
ಎರಡು ಫೋನು, ಒಂದು ಟ್ಯಾಬ್ಲೆಟ್ಟು.
ಏಳು ದಿನದ ಕಡ. ಎಂಟನೆಯ ದಿನ
ಒಂದು ಗೀರೂ ಇಲ್ಲದೆ ವಾಪಸ್ಸು ಕಳಿಸು, ರೊಖಾಯಾ,
ಎಂದು ಚೀಟಿ, ಹೆಸರಿನ ಕೆಳಗೆ ಎರಡು ಗೆರೆ.

ಗುಣದೋಷ ಬರೆಯುವುದು ನನ್ನ ಹೊಟ್ಟೆಪಾಡು.
ತೂಕ ನೂರ ತೊಂಬತ್ತೊಂದು ಗ್ರಾಂ,
ಕೈಗೆ ಒಂದು ದಪ್ಪ ಯಾಬೋಯಿ ಮೀನಿನಷ್ಟು.
ಬೆನ್ನು ಗಾಜು, ಅಂಚು ಲೋಹ,
ಬಣ್ಣಕ್ಕೆ ಅವರಿಟ್ಟ ಹೆಸರು ಕಡಲ ಮುಂಜಾವು.
ಕಿಟಕಿ ತೆರೆದು ಪಕ್ಕಕ್ಕೆ ಹಿಡಿದೆ.
ಗೆಟ್ ನ್ದಾರ್‌ನ ಕಡಲು ಆ ಹೊತ್ತಿಗೆ
ಡೀಸೆಲ್ಲಿನ ಪದರ ಹೊದ್ದು ಬೂದಿಯಾಗಿತ್ತು.

ಒಂದೂವರೆ ಮೀಟರ್ ಆಳ, ಅರ್ಧ ಗಂಟೆ, ಏನೂ ಆಗದು
ಎನ್ನುತ್ತದೆ ಕೈಪುಸ್ತಕ,
ಆಮೇಲೆ ಇರುವೆಯಷ್ಟು ಅಕ್ಷರದಲ್ಲಿ: ಸಿಹಿನೀರಿಗೆ ಮಾತ್ರ.
ಮಯೋರೊ ಎರಡು ಸಲ ಓದಿಸಿಕೊಂಡ.
'ಬಾವಿಗೆ ಬೀಳೋರಿಗೆ ಮಾಡಿದ್ದಾ ಇದನ್ನ?'

ಅವನ ದೋಣಿಯಲ್ಲೇ ನನ್ನ ಪ್ರಯೋಗಶಾಲೆ.
ಟ್ಯಾಬ್ಲೆಟ್ಟಿನ ಪರದೆ ನಡುಹಗಲ ಬಿಸಿಲಿಗೆ ಸೋಲಲಿಲ್ಲ,
ಬರೆದುಕೊಂಡೆ. ನಕಾಶೆ ತೆರೆದರೆ
ದಡದಾಚೆ ನೀಲಿ, ಬರೀ ನೀಲಿ,
ಉತ್ತರಕ್ಕೊಂದು ಕೂದಲೆಳೆ, ದಾಟಿದರೆ ಬಲೆ ಜಪ್ತಿ.
'ಇಲ್ಲಿ ಬಂಡೆ, ಅದರಡಿ ಚೋಫ್ ಮಲಗುತ್ತೆ,
ಇಲ್ಲಿ ನನ್ನ ತಮ್ಮ ಇದಾನೆ' ಎಂದು
ಬೆರಳಿಟ್ಟ. ನಕಾಶೆ ಗಿರ್ರನೆ ತಿರುಗಿ
ಯಾವುದೋ ಊರಿನ ಹೋಟೆಲು ತೋರಿಸಿತು.
ತಮ್ಮ ಎಂದಿನಿಂದ ಅಲ್ಲಿದ್ದಾನೆಂದು ನಾನು ಕೇಳಲಿಲ್ಲ.

ಕತ್ತಲಾಯಿತು. ಕ್ಯಾಮೆರಾದ ಸರದಿ.
ಮೂರು ಸೆಕೆಂಡು ಅಲುಗಬೇಡಿ ಎಂದಿತು ಫೋನು.
ಅಲೆಗೆ ಹೇಳು ಎಂದೆ.
ಮೊದಲನೆಯದರಲ್ಲಿ ರಾತ್ರಿಯೇ ಸಂಜೆಯಾಗಿಬಿಟ್ಟಿದೆ,
ಮಯೋರೊನ ಮುಖಕ್ಕೆ ಯಾರೋ ಹಾಲು ಬೆರೆಸಿದ್ದಾರೆ.
ಬೆಳಿಗ್ಗೆ ಅವನ ಹೆಂಡತಿ ದ್ಯೋರ್ ನೋಡಿದಳು,
ಮೀನು ಒಣಗಿಸುವ ಹೊಗೆಯ ನಡುವೆ ಕಣ್ಣು ಕಿರಿದು ಮಾಡಿ:
'ಚೆಂದ ಇದಾನೆ. ಯಾರಿವನು?'
ಎರಡನೆಯದರಲ್ಲಿ ಆಕಾಶ ಹಾಳು, ನಕ್ಷತ್ರ ಒಂದೂ ಇಲ್ಲ,
ಆದರೆ ಕಪ್ಪು ಕಪ್ಪಾಗಿಯೇ ಇತ್ತು, ಕೆನ್ನೆಯ ಎಲುಬಿನ ಮೇಲೆ
ಲಾಟೀನಿನ ಒಂದು ಚೂರು ಬೆಳಕು.
ಅದಕ್ಕೊಂದು ಅಂಕ ಹೆಚ್ಚು ಕೊಟ್ಟೆ. ಅಳಿಸಿ, ಎರಡು ಕೊಟ್ಟೆ.

ಆಮೇಲೆ ಬೆರಳಚ್ಚು.
ಹೆಬ್ಬೆರಳು ಒತ್ತಿದ, ಮತ್ತೆ ಒತ್ತಿ ಎಂದಿತು,
ಒದ್ದೆ ಒರೆಸಿ ಎಂದಿತು, ಇನ್ನೊಂದು ಬೆರಳು ಎಂದಿತು.
ನಲವತ್ತು ವರ್ಷದ ಹಗ್ಗ
ಹತ್ತೂ ಬೆರಳ ಗೆರೆಗಳನ್ನು ಎಳೆದುಕೊಂಡು ಹೋಗಿದೆ.
ದ್ಯೋರಳದು ಉಪ್ಪು, ಹೊಗೆ, ಚೂರಿ; ಅವಳನ್ನೂ ಅದು ಗುರುತಿಸದು.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ,
ಈ ಆರೂವರೆ ಇಂಚಿನ ಕನ್ನಡಿಗೆ
ಅಂಗೈಯೇ ಬೇಡ.
ಮೊಮ್ಮಗಳು ನ್ದೆಲ್ಲಾ, ಏಳು ವರ್ಷ, ಬಂದು
ಬೆಲ್ಲದಂಟಿನ ಬೆರಳು ಒತ್ತಿದಳು. ಕ್ಲಿಕ್.
ಅಂದಿನಿಂದ ಅವಳೇ ಆ ಮನೆಯ ಬೀಗದ ಕೈ.
'ತಾತ, ಕೇಳು, ನಿಧಾನಕ್ಕೆ ಕೇಳು' ಎನ್ನುತ್ತಿದ್ದಳು,
ಅವನು ಬೇಕೆಂದೇ ಬೇಡುತ್ತಿದ್ದ.

ಬ್ಯಾಟರಿ ಒಂದೂವರೆ ದಿನ. ಸ್ಪೀಕರ್ ಜೋರು,
ಎಂಜಿನ್ನಿನ ಸದ್ದಿನ ಮೇಲೂ ಕೇಳಿತು.
ಒಟ್ಟು ಹತ್ತಕ್ಕೆ ಏಳೂವರೆ ಎಂದು ಬರೆದು
ಊಟಕ್ಕೆ ಎದ್ದೆ. ಬಂದು ನೋಡಿದರೆ ಆ ಅರ್ಧ ಯಾಕೋ
ಕಣ್ಣಿಗೆ ಮುಳ್ಳಾಗಿ ಚುಚ್ಚುತ್ತಿತ್ತು. ಹಾಗೇ ಬಿಟ್ಟೆ.

ಎಂಟನೆಯ ದಿನ ಎಲ್ಲ ಅಳಿಸಬೇಕು.
ಚಿತ್ರ ಹೋಯಿತು, ನಕಾಶೆ ಹೋಯಿತು,
ನ್ದೆಲ್ಲಾಳ ಬೆರಳು ಅಳಿಸಲೇ ಎಂದು ಕೇಳಿತು, ಹೂಂ ಎಂದೆ.
ಮಯೋರೊನದು, ದ್ಯೋರಳದು
ಅಳಿಸಲು ಹುಡುಕಿದರೂ ಸಿಗಲಿಲ್ಲ.

ಪೆಟ್ಟಿಗೆಗಿಡುವಾಗ ಚಾರ್ಜಿನ ತೂತಿನಲ್ಲಿ
ಏನೋ ಮಿನುಗಿತು: ಮೀನಿನ ಒಂದು ಸಣ್ಣ ಪೊರೆ.
ಸೂಜಿ ಹುಡುಕಿ ತಂದೆ.
ಬಸ್ಸು ಹಾರ್ನ್ ಹೊಡೆಯುತ್ತಿತ್ತು.
ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು
ಪೆಟ್ಟಿಗೆ ಮುಚ್ಚಿದೆ.